ಹಿಟ್ಟಿನ ಕೋಲೂ ಬೇವಿನ ರಮ್ಮೂ

ಪ್ರತಿಯೊಬ್ಬ ಗಂಡಸಿಗೂ ತನ್ನ ಮನೆಯಲ್ಲಿ ಕೊಚ್ಚಿಕೊಳ್ಳಲು ಒಂದಾದರೂ ವಿದ್ಯೆ ಇರಬೇಕು. ನನ್ನ ಹೆಂಡತಿ ಸುಜಾತಳ ಒಬ್ಬಟ್ಟು ಮಧುಗಿರಿಯ ನಮ್ಮ ಬೀದಿಯಲ್ಲೆಲ್ಲ ಹೆಸರುವಾಸಿ. ನಮ್ಮಮ್ಮನಿಗೆ ಎಪ್ಪತ್ತಾರು ವರ್ಷ. ಆಕೆ ತಿರುವಿದ ರಾಗಿ ಹಿಟ್ಟಿನಲ್ಲಿ, ಅಂದರೆ ನೀವು ಮುದ್ದೆ ಎನ್ನುವುದರಲ್ಲಿ, ಇದುವರೆಗೂ ಒಂದು ಗಂಟು ಹುಡುಕಿ ತೋರಿಸಿದವರಿಲ್ಲ. ನಾನು ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿರುವವನು. ಆಮ್ಲ, ಕ್ಷಾರ, ದ್ರಾವಣ ಎಲ್ಲವೂ ಬಾಯಿಪಾಠ. ಆದರೂ ಟೀ ಮಾಡೋಣವೆಂದು ಅಡುಗೆಮನೆಗೆ ಕಾಲಿಟ್ಟರೆ "ನೀವು ಈಚೆಗೆ ಬನ್ನಿ, ಹಾಲು ಉಕ್ಕಿಸ್ತೀರ" ಅನ್ನುತ್ತಾರೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಮುಂದೆ ನಾನು ಹೇಳುವುದರಲ್ಲಿ ವಿನಯ ಅಷ್ಟಾಗಿ ಸಿಗುವುದಿಲ್ಲ.

ಯುಗಾದಿಯ ಮರುದಿನ ನಮ್ಮ ಕಡೆ ಹೊಸತೊಡಕು. ಹಿಂದಿನ ದಿನ ಬೇವು ಬೆಲ್ಲ ತಿಂದು ಸಾಧುಗಳಾಗಿದ್ದವರೆಲ್ಲ ಅಂದು ಬೆಳಗಾಗುವ ಮೊದಲೇ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಸಾರು ಒಲೆಗೇರಿದ ಮೇಲೆ ನೆಂಟರ ಪೈಕಿ ಗಂಡಸರು "ಮೇಲೆ" ಹೋಗುತ್ತಾರೆ. ಮೇಲೆ ಎಂದರೆ ನಮ್ಮ ಮಹಡಿ. ಯಾಕೆ ಹೋಗುತ್ತೀರಿ ಎಂದು ಹೆಂಗಸರು ಕೇಳುವುದಿಲ್ಲ, ಗಂಡಸರು ಹೇಳುವುದಿಲ್ಲ. ನಮ್ಮಪ್ಪನ ಕಾಲದಿಂದ ನಡೆದುಬಂದ ಒಪ್ಪಂದ ಅದು. ಆದರೆ ಆ ಮಹಡಿಯ ಯಜಮಾನಿಕೆ ನನ್ನದಲ್ಲ. ಕಳ್ಳಂಬೆಳ್ಳದಿಂದ ಬರುವ ರಂಗನಾಥ ಭಾವನದು. ಅವರು ಸುಜಾತಳ ಅಣ್ಣ. ಬಾಟಲಿ ತರುವವರು ಅವರು, ಬಗ್ಗಿಸುವವರು ಅವರು, ಯಾರಿಗೆಷ್ಟು ಎಂದು ತೀರ್ಮಾನಿಸುವವರೂ ಅವರೇ. ನಡುನಡುವೆ ನನ್ನ ಕಡೆ ತಿರುಗಿ "ಮೇಷ್ಟ್ರೇ, ನೀರು ಆಗೋಯ್ತು ಕಣ್ರೀ" ಅನ್ನುತ್ತಾರೆ. ಮನೆ ನನ್ನದು, ಮಹಡಿ ನನ್ನದು, ಕುರ್ಚಿಗಳೂ ನನ್ನವೇ. ನಾನು ಮಾತ್ರ ಇಪ್ಪತ್ತೆರಡು ವರ್ಷದಿಂದ ಚೊಂಬು ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಇದು ನನಗೆ ಬಹಳ ಚುಚ್ಚುತ್ತಿತ್ತು.

ಕಳೆದ ವರ್ಷ ಹಬ್ಬ ಇನ್ನೂ ಮೂರು ವಾರ ಇರುವಾಗ ಫೋನಿನ ವಿಡಿಯೋದಲ್ಲಿ ಮದ್ಯ ಬೆರೆಸುವುದನ್ನು ಹೇಳಿಕೊಡುವ ಒಬ್ಬ ಗಡ್ಡದವನು ಕಣ್ಣಿಗೆ ಬಿದ್ದ. ಒಂದು ಪಾಲು ರಮ್, ಒಂದು ಪಾಲು ಕಹಿ ಮದ್ಯ, ಒಂದು ಪಾಲು ಸಿಹಿ ವೈನು, ಮೇಲೆ ಐಸು. "ಕುಲುಕಬೇಡಿ, ಮೆತ್ತಗೆ ತಿರುವಿ" ಎಂದು ಮೂರು ಸಲ ಹೇಳಿದ. ಸಿಹಿ, ಕಹಿ ಎರಡೂ ಒಟ್ಟಿಗೆ! ಇದು ಬೇವು ಬೆಲ್ಲವೇ ಅಲ್ಲವೇ, ಒಂದು ದಿನ ತಡವಾಗಿ ಬಂದಿದೆ ಅಷ್ಟೇ, ಅನ್ನಿಸಿತು. ಈ ಸಲ ಭಾವನಿಗೆ ನನ್ನ ಕೈಯಿಂದಲೇ ಕುಡಿಸಬೇಕು, ಅವರೇ ಬಾಯಿಬಿಟ್ಟು ಇನ್ನೊಂದು ಲೋಟ ಕೇಳಬೇಕು ಎಂದು ಹಟ ತೊಟ್ಟೆ.

ಮಧುಗಿರಿಯ ಬ್ರಾಂದಿ ಅಂಗಡಿಗೆ ಹೋದರೆ ಶಿಷ್ಯರ ಕಣ್ಣಿಗೆ ಬೀಳುತ್ತೇನೆಂದು ಬಸ್ ಹತ್ತಿ ಶಿರಾಕ್ಕೆ ಹೋದೆ. ಅಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತವನು ಎದ್ದು ನಿಂತು "ನಮಸ್ಕಾರ ಸಾರ್, ನಾನು ನಿಮ್ ಸ್ಟೂಡೆಂಟು" ಅಂದ. ಇನ್ನು ಮುಚ್ಚಿಡುವುದೇನು, ಕಹಿಯಾಗಿರುವ ಮದ್ಯ ಏನಾದರೂ ಇದೆಯೇನಪ್ಪಾ ಎಂದು ಕೇಳಿದೆ. "ಇಲ್ಲಿರೋದೆಲ್ಲ ಕಹಿನೇ ಸಾರ್. ಸಿಹಿ ಬೇಕಂದ್ರೆ ಎದುರುಗಡೆ ಬೇಕರಿ ಐತೆ." ಒಂದು ರಮ್ಮು, ಒಂದು ದ್ರಾಕ್ಷಿ ವೈನು ಹಿಡಿದು ವಾಪಸ್ಸಾದೆ.

ಕಹಿಯನ್ನು ನಾನೇ ಮಾಡಿದೆ. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಹೊಳವನಹಳ್ಳಿಯಿಂದ ತಂದ ಹೇರಳೆಕಾಯಿಯ ಸಿಪ್ಪೆಯನ್ನು ತೆಳ್ಳಗೆ ಹೆರೆದೆ. ಹಿತ್ತಲ ಬೇವಿನ ಮರದಿಂದ ಹೂ ಉದುರಿಸಿಕೊಂಡೆ. ಹಬ್ಬಕ್ಕೆ ಇಷ್ಟು ಮೊದಲೇ ಗಂಡ ಬೇವಿನ ಹೂ ಆರಿಸುವುದನ್ನು ಕಂಡ ಸುಜಾತ "ವಯಸ್ಸಾಗ್ತಾ ದೇವರ ಮೇಲೆ ಭಕ್ತಿ ಬಂದಿದೆ" ಎಂದು ತಂಗಿಗೆ ಫೋನಿನಲ್ಲಿ ಹೇಳಿಕೊಂಡಳು. ಎರಡನ್ನೂ ಅರ್ಧ ಬಾಟಲಿ ರಮ್ಮಿನಲ್ಲಿ ನೆನೆಹಾಕಿ, ಉಪ್ಪಿನಕಾಯಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟೆ. ವೈನಿಗೆ ಬೆಲ್ಲ, ಚಕ್ಕೆ, ಲವಂಗ. ಹತ್ತನೆಯ ದಿನ ಜಾಡಿಯಿಂದ ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡೆ. ಮೊದಲು ಕಹಿ ಕಿವಿಯವರೆಗೂ ಹೋಯಿತು, ಆಮೇಲೆ ಹೇರಳೆಯ ಘಮ ಮೆಲ್ಲಗೆ ಬಂತು. ಅಟ್ಟದ ಕೆಳಗೆ ಒಬ್ಬನೇ ನಿಂತು ನಕ್ಕೆ.

ಹೊಸತೊಡಕಿನ ಮಧ್ಯಾಹ್ನ ಒಂದೇ ಕೊರತೆ ಕಾಣಿಸಿತು. ಗಡ್ಡದವನ ಹತ್ತಿರ ಉದ್ದನೆಯ ಚಮಚವಿತ್ತು, ನನ್ನ ಹತ್ತಿರ ಇರಲಿಲ್ಲ. ಪಾತ್ರೆ ಕೇಳಿದ್ದಕ್ಕೆ ಸುಜಾತ ಸೊಟ್ಟಗಾದ, ಹಾಲಿನ ಹಳೇ ಕ್ಯಾನೊಂದನ್ನು ಕೊಟ್ಟು, "ನನ್ನ ಸೌಟು ಮುಟ್ಟಿದ್ರೆ ನೋಡಿ" ಎಂದಿದ್ದಳು. ಹಾಗಾಗಿ ಸೌಟು ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಹಿಟ್ಟಿನ ಕೋಲನ್ನು ಎತ್ತಿಕೊಂಡು ಹೋದೆ. ಅದು ಅಮ್ಮ ಮದುವೆಯಾಗಿ ಬಂದಾಗ ಪಾವಗಡದ ತವರಿನಿಂದ ತಂದದ್ದು. ಅದನ್ನು ಬೇರೆಯವರು ಮುಟ್ಟುವ ಪದ್ಧತಿಯೇ ನಮ್ಮಲ್ಲಿಲ್ಲ.

ಮಹಡಿಯ ಮೇಲೆ ಭಾವನ ಮುಂದೆ ಕ್ಯಾನಿಟ್ಟು, ಅಳತೆ ಮಾಡಿ ಸುರಿದು, ಐಸ್ ಹಾಕಿ, ಕೋಲು ಇಳಿಸಿದೆ. ಕೋಲು ಕೈಗೆ ಬಂದದ್ದೇ ತಡ, ಗಡ್ಡದವನು ಹೇಳಿದ್ದೆಲ್ಲ ಮರೆತುಹೋಯಿತು. ಹುಟ್ಟಿದಾಗಿನಿಂದ ಕಂಡದ್ದು ಹಿಟ್ಟು ತಿರುವುವುದನ್ನೇ. ಹಲ್ಲು ಕಚ್ಚಿ ರಪರಪನೆ ಬಡಿದೆ. ಐಸೆಲ್ಲ ಪುಡಿಯಾಗಿ ಕರಗಿ ನೀರಾಯಿತು. ಭಾವ ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು, "ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಈಗ್ಲೂ ನೀವು ತಂದಿರೋದು ನೀರೇ ಕಣ್ರೀ" ಅಂದರು. ಉಳಿದವರು ಗೊಳ್ಳನೆ ನಕ್ಕರು. ನನ್ನ ಕಿವಿ ಬಿಸಿಯಾದವು. ಜಾಡಿಯಲ್ಲಿ, ಬಾಟಲಿಗಳಲ್ಲಿ ಉಳಿದದ್ದನ್ನೆಲ್ಲ ಸುರಿದು, ಮತ್ತಷ್ಟು ಐಸ್ ಹಾಕಿ, ಸಿಟ್ಟಿನಲ್ಲಿ ಇನ್ನೂ ಜೋರಾಗಿ ಶುರುಮಾಡಿದೆ.

ಆಗ ಮೆಟ್ಟಿಲ ಮೇಲೆ ಅಮ್ಮ ಕಾಣಿಸಿಕೊಂಡಳು. ಒಪ್ಪಂದ ಮುರಿದು ಆಕೆ ಮಹಡಿ ಹತ್ತಿದ್ದು ಅದೇ ಮೊದಲು. ಭಾವ ಲೋಟವನ್ನು ಟವೆಲ್ಲಿನೊಳಗೆ ಅಡಗಿಸಿದರು. ಅಮ್ಮ ಅವರನ್ನು ನೋಡಲೇ ಇಲ್ಲ. ಸಿಟ್ಟು ಬಂದರೆ ಆಕೆಗೆ ತವರಿನ ತೆಲುಗು ಬರುತ್ತದೆ.

"ಇದೇಂದಿರಾ ಇದಿ! ಕೆಳಗೆ ಎಸರು ಕುದ್ದೂ ಕುದ್ದೂ ಬತ್ತೋಗ್ತಾ ಐತೆ, ಇಪ್ಪತ್ತು ಜನಕ್ಕೆ ಹಿಟ್ಟಾಗ್ಬೇಕು, ಕೋಲು ಇಲ್ಲೈತೆ!" ಅಂದವಳು, ನನ್ನ ಕೈ ಆಡುವುದನ್ನು ಕಂಡು ಹತ್ತಿರ ಬಂದಳು. ಆಮೇಲೆ ನಿಜವಾಗಿ ನೊಂದ ದನಿಯಲ್ಲಿ, "ಹಿಂಗಾ ತಿರುವೋದು? ಎಮ್ಮೆ ಹೊಡ್ದಂಗೆ ಹೊಡಿತಿದ್ದೀಯಲ್ಲೋ. ಕೊಡಿಲ್ಲಿ."

ಕುಕ್ಕರುಗಾಲಲ್ಲಿ ಕೂತು, ಕ್ಯಾನನ್ನು ಪಾದಗಳ ನಡುವೆ ಹಿಡಿದು, ಕೋಲನ್ನು ಅಂಚಿಗೆ ಆನಿಸಿಕೊಂಡು ತಿರುವಿದಳು. ಒಂದೇ ದಿಕ್ಕು, ಒಂದೇ ವೇಗ. ಐಸ್ ಚೂರುಗಳು ಸದ್ದಿಲ್ಲದೆ ಸುತ್ತಿದವು. "ನೀರಂಗೈತೆ ಅಂತ ಬಡಿಬಾರ್ದು ಕಣಪ್ಪ. ತೆಳ್ಳಗಿರೋದನ್ನ ಇನ್ನೂ ಮೆಲ್ಲಗೆ ತಿರುವ್ಬೇಕು" ಅಂದಳು. ಒಳಗೇನಿದೆ ಎಂದು ಕೇಳಲಿಲ್ಲ. ಕೊನೆಗೆ ಕೋಲೆತ್ತಿ, ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಗಂಟಿಲ್ಲ ಬುಡು" ಎಂದು ಎದ್ದು ಇಳಿದುಹೋದಳು.

ಭಾವ ಟವೆಲ್ಲಿನಿಂದ ಲೋಟ ಈಚೆಗೆ ತೆಗೆದು, ಅದರಲ್ಲಿದ್ದದ್ದನ್ನು ಚೆಲ್ಲಿ ಮುಂದೆ ಹಿಡಿದರು. ನಾನು ಕ್ಯಾನಿನಿಂದ ಬಗ್ಗಿಸಿದೆ. ಮಾಣಿಕ್ಯದ ಬಣ್ಣದ ತಿಳಿ ರಮ್ಮು. ಒಂದು ಗುಟುಕು, ಇನ್ನೊಂದು ಗುಟುಕು. ಲೋಟ ಬರಿದಾದ ಮೇಲೆ ಕೈ ಚಾಚಿ, "ಇನ್ನೊಂದೀಟು ಬುಡಿ ಮೇಷ್ಟ್ರೇ" ಅಂದರು. ಇಪ್ಪತ್ತೆರಡು ವರ್ಷ ಕಾದ ಮಾತು! ಮೂವತ್ತು ವರ್ಷದಲ್ಲಿ ನನ್ನ ತರಗತಿಯೆಲ್ಲ ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಕೆಳಗೆ ಊಟಕ್ಕೆ ಕೂತಾಗ ಕೋಲನ್ನು ಎರಡು ಸಲ ತೊಳೆದಿದ್ದರೂ ಹಿಟ್ಟಿಗೆ ಹೇರಳೆಯ ಘಮ ಹತ್ತಿತ್ತು. ಹೆಂಗಸರು ಕೂಡ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು. ನಾನು ತಲೆ ತಗ್ಗಿಸಿ ಸಾರು ಕಲಸಿಕೊಂಡೆ.

ಈ ವರ್ಷ ಹಬ್ಬಕ್ಕೆ ವಾರವಿರುವಾಗ ಭಾವನ ಫೋನು ಬಂತು. "ನಾನೇನೂ ತರಲ್ಲ ಮೇಷ್ಟ್ರೇ, ನಿಮ್ಮನೆ ಬೇವಿಂದೇ ಆಗ್ಲಿ" ಅಂದರು. ನನ್ನ ಎದೆ ಉಬ್ಬಿತು. ಜಾಡಿ ಆಗಲೇ ಅಟ್ಟದ ಮೇಲಿದೆ ಎಂದೆ. "ಅತ್ತೆ ಊರಲ್ಲೇ ಇರ್ತಾರೆ ತಾನೇ? ತಿರುವೋದು ಅವ್ರೇ ತಾನೇ?" ಎಂದು ಕೇಳಿದರು. ಹೌದೆಂದೆ. "ಹಂಗಾದ್ರೆ ಸರಿ. ನೀವು ಐಸ್ ತಂದ್ಬುಡಿ."

ಸುಜಾತಳಿಗೆ ಇದನ್ನು ಬಡ್ತಿ ಎಂದೇ ಹೇಳಿದ್ದೇನೆ. ಆದರೆ ಐಸ್ ಎಂದರೆ ಗಟ್ಟಿಯಾದ ನೀರೇ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿರುವವನು ನಾನೇ.