ನಲವತ್ತು ಸೆಕೆಂಡಿನ ನಿದ್ದೆ

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಯಾವುದಕ್ಕೂ ಕಾಯೋ ಹಾಗಿಲ್ಲ!" ಎಂದು ಯಜಮಾನರು ಸೋಮವಾರ ಬೆಳಿಗ್ಗೆ ಘೋಷಿಸಿದರು. ಮೇಜಿನ ಮೇಲೆ ಹೊಸ ಕಂಪ್ಯೂಟರು ವಿರಾಜಮಾನವಾಗಿತ್ತು. ಗೋಡೆಯ ಮೇಲೆ ಹೊಸ ಇಂಟರ್‌ನೆಟ್ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಿತ್ತು.

ಯಜಮಾನರ ಕಸುಬು, ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು. ಕಚೇರಿಯಿಂದ ನಕ್ಷೆ ಬರುತ್ತದೆ. ಇವರು ಮನೆಯಲ್ಲೇ ಕೂತು ಅದರೊಳಗೆ ಸೋಫಾ ಇಟ್ಟು, ಕಿಟಕಿಯಿಂದ ಬಿಸಿಲು ಬಿಡುತ್ತಾರೆ. ಆಮೇಲೆ ಆ ಬಿಸಿಲು ಎಲ್ಲೆಲ್ಲಿ ಬೀಳಬೇಕೆಂದು ಕಂಪ್ಯೂಟರು ಲೆಕ್ಕ ಹಾಕಬೇಕು. ಕಚೇರಿಯವರು ಇದಕ್ಕೆ 'ಬೇಯಿಸುವುದು' ಎನ್ನುತ್ತಾರೆ. ಹಳೆಯ ಕಂಪ್ಯೂಟರು ಒಂದು ಚಿತ್ರ ಬೇಯಿಸಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಯಜಮಾನರು ಸೋಫಾದ ಮೇಲೆ ಒರಗುತ್ತಿದ್ದರು. ಆದರೆ ಒಂದು ಕಣ್ಣು ಕಂಪ್ಯೂಟರಿನ ಮೇಲೇ ಇರುತ್ತಿದ್ದುದರಿಂದ ನಿದ್ದೆ ಅರ್ಧಂಬರ್ಧ. ಎಂಟು ವರ್ಷಗಳ ಸುಸ್ತು ಮೈಯಲ್ಲಿ ಹಾಗೇ ಉಳಿದುಬಿಟ್ಟಿತ್ತು.

"ದಿನಕ್ಕೆ ನಾಲ್ಕು ಚಿತ್ರ ತಾನೇ? ಹತ್ತು ಗಂಟೆಗೆಲ್ಲ ಮುಗಿಸಿ ಬಿಸಾಕ್ತೀನಿ. ಮಧ್ಯಾಹ್ನ ಎರಡೂ ಕಣ್ಣು ಮುಚ್ಚಿ ಮಲಗ್ತೀನಿ ಕಣೇ!"

"ಹಾಗಂತ ಆಫೀಸಲ್ಲಿ ಹೇಳ್ಬೇಡಿ," ಎಂದಳು ಹೆಂಡತಿ. ಪಾಠದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. "ಹಳೇದನ್ನ ಏನ್ಮಾಡ್ತೀರಿ?"

"ಗುಜರಿಗೆ!"

"ನನಗಿರ್ಲಿ ಬಿಡಿ."

"ಎಂಟು ವರ್ಷದ ಮುದುಕ ಅದು! ನಿನಗೇನು ತಲೆ ಕೆಟ್ಟಿದೆಯಾ?"

ಅವಳು ಹಳೆಯದನ್ನು ಎತ್ತಿಕೊಂಡು ಹೋಗಿ ಅಡುಗೆಮನೆ ಪಕ್ಕದ ತನ್ನ ಕೋಣೆಯಲ್ಲಿಟ್ಟುಕೊಂಡಳು.

ಯಜಮಾನರು ಮೊದಲ ಚಿತ್ರ ಬೇಯಲು ಹಾಕಿ, ಅಭ್ಯಾಸಬಲದಿಂದ ಸೋಫಾದ ಕಡೆ ನಡೆದರು. ಬೆನ್ನು ಊರುವಷ್ಟರಲ್ಲಿ ಟಿಣ್! ನಲವತ್ತು ಸೆಕೆಂಡು! ಒಂಬತ್ತೂವರೆಗೆ ನಾಲ್ಕೂ ಚಿತ್ರ ಸಿದ್ಧ. ಬುದ್ಧಿ ಇದ್ದವನು ಆಗ ಬಾಯಿ ಮುಚ್ಚಿಕೊಂಡು ಮಲಗುತ್ತಿದ್ದ. ಯಜಮಾನರು ನಾಲ್ಕನ್ನೂ ಮ್ಯಾನೇಜರಿಗೆ ಕಳಿಸಿ, ಕೆಳಗೆ "ಮುಗೀತು ಸಾರ್! ಹೊಸ ಕಂಪ್ಯೂಟರ್!" ಎಂದು ಬೇರೆ ಬರೆದರು.

ಮರುಕ್ಷಣ ಫೋನು. "ಭೇಷ್! ಹಾಗಾದ್ರೆ ಇನ್ನೊಂದು ನಾಲ್ಕು ಕಳಿಸ್ತೀನಿ."

ಅಲ್ಲಿಂದ ಶುರುವಾಯಿತು. ಮೊದಲೆಲ್ಲ ಒಂದೂವರೆ ಗಂಟೆ ಬೇಕೆಂಬ ಹೆದರಿಕೆಗೆ ಮನೆ ಕಟ್ಟಿಸುವವರು ಬಾಯಿ ಬಿಡುತ್ತಿರಲಿಲ್ಲ. ಈಗ ಅವರಿಗೆ ಸೋಫಾ ನೀಲಿಯಾದರೆ ಹೇಗಿರುತ್ತದೆ ನೋಡಬೇಕು. ಹಸಿರಾದರೆ? ಸಂಜೆ ಬಿಸಿಲಿಗೆ? ಆ ಗೋಡೆಯೇ ಇಲ್ಲದಿದ್ದರೆ? "ನಲವತ್ತು ಸೆಕೆಂಡ್ ತಾನೇ?" ಎಂಬುದು ಎಲ್ಲರ ಬಾಯಲ್ಲೂ ಮಂತ್ರವಾಯಿತು. ಬುಧವಾರದ ಹೊತ್ತಿಗೆ ದಿನಕ್ಕೆ ನಲವತ್ತು ಚಿತ್ರ! ಗುರುವಾರ ಸಹೋದ್ಯೋಗಿಯೊಬ್ಬ ಫೋನು ಮಾಡಿ, "ನಿನ್ನ ಮನೆ ಹಾಳಾಗ! ನಿನ್ನ ದೆಸೆಯಿಂದ ನಮಗೂ ಹೊಸ ಕಂಪ್ಯೂಟರ್ ಕೊಡಿಸ್ತಿದ್ದಾರೆ ಕಣಯ್ಯಾ!" ಎಂದು ಅಳುವ ದನಿಯಲ್ಲಿ ಬೈದ.

ಶುಕ್ರವಾರ ಯಜಮಾನರು ಒಂದು ಸಂಚು ಹೂಡಿದರು. ಕಂಪ್ಯೂಟರು ಸುಸ್ತಾಗಲೆಂದು ಒಟ್ಟಿಗೇ ಮೂವತ್ತು ಸಿನಿಮಾ ಹಚ್ಚಿ, ಅವು ಓಡುತ್ತಿರುವಾಗಲೇ ಚಿತ್ರ ಬೇಯಲು ಹಾಕಿದರು. ನಲವತ್ತೊಂದು ಸೆಕೆಂಡು! ಗಳಿಸಿದ್ದು ಒಂದು ಸೆಕೆಂಡು. ಅಷ್ಟರಲ್ಲಿ ಸರಿಯಾಗಿ ಒಂದು ಆಕಳಿಕೆಯೂ ಬರುವುದಿಲ್ಲ.

ಕೊನೆಗೆ ವಿಡಿಯೋ ಕರೆಯಲ್ಲಿ ಸುಳ್ಳು ಹೇಳಿದರು. "ಸಾರ್, ಇವತ್ತು ಇಂಟರ್‌ನೆಟ್ ಯಾಕೋ ತುಂಬಾ ನಿಧಾನ..."

"ಏನ್ರೀ ನಿಧಾನ? ನಿಮ್ಮ ಗಡ್ಡದ ಕೂದಲು ಎಣಿಸೋ ಹಾಗೆ ಕಾಣ್ತಿದೆ!" ಎಂದರು ಮ್ಯಾನೇಜರು. "ಇದೇನು ಮಹಾ! ಬರೋ ವರ್ಷ ಇದರ ಎರಡರಷ್ಟು ಸ್ಪೀಡಿಂದು ಬರುತ್ತಂತೆ. ಅದರ ಮುಂದಿನ ವರ್ಷ ನಾಲ್ಕರಷ್ಟು! ನಿಮಗೇ ಮೊದಲು ಕೊಡಿಸೋಣ."

ಯಜಮಾನರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹೀಗೇ ಹೋದರೆ ಹತ್ತು ವರ್ಷದಲ್ಲಿ, ಮನೆ ಕಟ್ಟಿಸಬೇಕೆಂದು ಯಾರಿಗಾದರೂ ಅನ್ನಿಸುವ ಮೊದಲೇ ಚಿತ್ರ ಕಳಿಸಬೇಕಾಗುತ್ತದೆ! ಅವರಿಗೆ ನಿಜವಾಗಿಯೂ ಅಳು ಬಂತು. ಬೇಕಾಗಿದ್ದದ್ದು ಒಂದು ಮಧ್ಯಾಹ್ನದ ನಿದ್ದೆ. ಇದ್ದ ಅರ್ಧ ನಿದ್ದೆಯೂ ಹೋಗಿತ್ತು.

ಇನ್ನೊಂದು ಚಿತ್ರ ಬೇಯಲು ಹಾಕಿ, ಕಣ್ಣೊರೆಸಿಕೊಂಡು ಹೆಂಡತಿಯ ಕೋಣೆಗೆ ಓಡಿದರು. ಹಳೆಯ ಕಂಪ್ಯೂಟರು ಗುರ್ರೆನ್ನುತ್ತಿತ್ತು. ಪಕ್ಕದಲ್ಲಿ ಹೆಂಡತಿ ಹೊದ್ದು ಮಲಗಿದ್ದಳು. ಎರಡೂ ಕಣ್ಣು ಮುಚ್ಚಿದ್ದವು! ಅವಳ ಫೋನು ರಿಂಗಾಯಿತು. ಕಣ್ಣು ತೆರೆಯದೆಯೇ ಎತ್ತಿಕೊಂಡಳು.

"ಹೌದು ಸಾರ್, ವಿಡಿಯೋ ಜೋಡಣೆಗೆ ಹಾಕಿದ್ದೀನಿ. ಹನ್ನೊಂದು ಪರ್ಸೆಂಟ್ ಆಗಿದೆ. ಹಳೇ ಕಂಪ್ಯೂಟರ್ ನೋಡಿ, ಸಂಜೆವರೆಗೂ ಕಾಯ್ಲೇಬೇಕು. ಏನ್ಮಾಡೋದು ಹೇಳಿ!" ದನಿಯಲ್ಲಿ ಅಪಾರ ದುಃಖ. ಫೋನಿಟ್ಟು ದಿಂಬು ಸರಿಪಡಿಸಿಕೊಂಡಳು.

ಯಜಮಾನರು ಮಂಚದ ಪಕ್ಕ ಕುಸಿದರು. "ಇವಳೇ, ಒಂದೇ ಒಂದು ಮಧ್ಯಾಹ್ನ ಅದನ್ನ ನನಗೆ ಕೊಡೇ. ಬದಲಿಗೆ ಹೊಸದನ್ನ ನೀನೇ ಇಟ್ಕೋ. ನಿನ್ನ ಕಾಲಿಗೆ ಬೀಳ್ತೀನಿ!"

ಆಚೆ ಕೋಣೆಯಿಂದ ಟಿಣ್ ಎಂದಿತು.

ಹೆಂಡತಿ ಒಂದು ಕಣ್ಣು ತೆರೆದಳು. "ಹೋಗಿ, ನಿಮ್ಮದು ಬೆಂದಾಯ್ತು. ಇನ್ನೊಂದು ಎಂಟು ವರ್ಷ ತಡ್ಕೊಳ್ಳಿ. ಅದೂ ಹಳೇದಾಗುತ್ತೆ. ಆಮೇಲೆ ನೀವೂ ಹಾಯಾಗಿ ಮಲಗ್ಬಹುದು," ಎಂದು ಮಗ್ಗುಲು ಬದಲಿಸಿದಳು.