ಹಡಗಿನಲ್ಲಿ ಬಂದ ಹಣ್ಣು, ಹಡಗು ಹತ್ತದ ಹಣ್ಣು

ಮುಂಬೈ ಪಕ್ಕದ ಠಾಣೆಯ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಒಂಬತ್ತು ವರ್ಷ ಹಣ್ಣಿನ ವಿಭಾಗ ನೋಡಿಕೊಂಡೆ. ಹಣ್ಣಿನ ಹತ್ತಿರ ನಗುವಂಥದ್ದೇನು ನಡೆಯುತ್ತದೆ ಅಂತೀರಾ? ನಡೆಯುತ್ತಲೇ ಇತ್ತು, ಅದೂ ನಗಬಾರದ ಹೊತ್ತಿನಲ್ಲೇ.

ಎಷ್ಟು ಕಿವಿ?

ಮಳೆಗಾಲದಲ್ಲಿ ಡೆಂಗ್ಯೂ ಹಬ್ಬಿದರೆ ನ್ಯೂಜಿಲೆಂಡಿನ ಕಿವಿ ಹಣ್ಣಿಗೆ ನೂಕುನುಗ್ಗಲು. ಅದನ್ನು ತಿಂದರೆ ಪ್ಲೇಟ್‌ಲೆಟ್ ಏರುತ್ತದೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಒಬ್ಬರು ಹೆಂಡತಿಯ ರಕ್ತದ ರಿಪೋರ್ಟನ್ನೇ ನನ್ನ ಮುಂದೆ ಹಿಡಿದರು.

“ಮೂವತ್ತು ಸಾವಿರಕ್ಕೆ ಇಳಿದಿದೆ. ಎಷ್ಟು ಕಿವಿ ಬೇಕು ಹೇಳಿ.”

“ಸಾರ್, ನಾನು ಡಾಕ್ಟರಲ್ಲ.”

“ಅವರನ್ನೂ ಕೇಳಿದೆ. ಹಣ್ಣಿನವರನ್ನೇ ಕೇಳು ಅಂತ ರೇಗಿದರು.”

ಏನು ಹೇಳಲಿ? ಆರು ಕೊಟ್ಟೆ. ಎರಡು ವಾರ ಬಿಟ್ಟು ಬಂದವರು, ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ಕೈಮುಗಿದರು. ಆಮೇಲೆ ಚೀಲದಿಂದ ತಮ್ಮ ಮಂಡಿಯ ಎಕ್ಸ್‌ರೇ ತೆಗೆದರು: “ಇದಕ್ಕೆ ಯಾವ ಹಣ್ಣು?”

ಎಕ್ಸ್‌ಪೋರ್ಟ್ ಕ್ವಾಲಿಟಿ

ನಮ್ಮ ಲೋಡರ್ ವಿಜಯಪುರದವನು. ಅವನ ಅಣ್ಣ ದ್ರಾಕ್ಷಿ ಬೆಳೆಗಾರ. ದಲ್ಲಾಳಿಗಳ ಸಹವಾಸವೇ ಬೇಡವೆಂದು ನೇರವಾಗಿ ಯುರೋಪಿಗೆ ಕಳಿಸಲು ಹೊರಟಿದ್ದ. ಸಿಂಪಡಿಸಿದ ಔಷಧದ ಅಂಶ ಹೆಚ್ಚಿದೆಯೆಂದು ಲ್ಯಾಬ್‌ನವರು ಹೇಳಿದ್ದರಿಂದ ದ್ರಾಕ್ಷಿ ಹಡಗನ್ನೇ ಹತ್ತಲಿಲ್ಲ. ನವಿ ಮುಂಬೈಯ ಸಗಟು ಮಾರುಕಟ್ಟೆಯಲ್ಲಿ ಬಂದ ದರಕ್ಕೆ ಹೋಯಿತು. ಎರಡು ದಿನ ಬಿಟ್ಟು ಅವೇ ಪೆಟ್ಟಿಗೆಗಳು ನಮ್ಮಲ್ಲಿ ಇಳಿದವು. ಅವುಗಳ ಮೇಲೆ ಮ್ಯಾನೇಜರ್ ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಎಂದು ಬೋರ್ಡ್ ಹಾಕಿಸಿದರು.

ತಮ್ಮನನ್ನು ನೋಡಲು ಬಂದ ಅಣ್ಣ ಆ ಬೋರ್ಡಿನ ಕೆಳಗೆ ತನ್ನವೇ ಪೆಟ್ಟಿಗೆಗಳನ್ನು ಗುರುತು ಹಿಡಿದ. ನನಗೆ ತಡೆಯಲಾಗಲಿಲ್ಲ, ಹೋಗಿ ಮ್ಯಾನೇಜರಿಗೆ ವಿಷಯ ಹೇಳಿದೆ. ಅವರು ಬೋರ್ಡ್ ತೆಗೆಸಲಿಲ್ಲ, ಕೆಳಗೆ ಇನ್ನೊಂದು ಸಾಲು ಸೇರಿಸಿದರು.

“ಅದೇನ್ ಬರದಾರ್ರೀ?” ಎಂದ ಅಣ್ಣ.

“ತೊಳೆದು ತಿನ್ನಿ ಅಂತ.”

“ಆತು ಬಿಡ್ರಿ. ಯುರೋಪ್ ಮಂದೀದು ಹೊಟ್ಟಿ. ನಮ್ಮ ಮಂದೀದು ಗಿರಣಿ!”

ವಾಪಸ್

ಕುಂದಾಪುರ ಕಡೆಯ ಹಿರಿಯರೊಬ್ಬರು, ಹೋಟೆಲ್ ಅಡುಗೆಯಿಂದ ನಿವೃತ್ತರಾದವರು, ಕಲ್ಯಾಣದಿಂದ ಲೋಕಲ್ ರೈಲು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಹೆಂಡತಿಗೆ ಕ್ಯಾನ್ಸರ್. ಫಾರಿನ್ ಪೇರ್ ಹಣ್ಣೊಂದು ಬಿಟ್ಟರೆ ಬೇರೇನೂ ಆಕೆಯ ಬಾಯಿಗೆ ಸೇರುತ್ತಿರಲಿಲ್ಲ. ಒಮ್ಮೆ ಕಂಟೇನರ್ ಬಂದರಿನಲ್ಲೇ ಸಿಕ್ಕಿಕೊಂಡಿತು. ಅವರು ದಿನಾ ಬಂದು ಕೇಳಿ ಬರಿಗೈಯಲ್ಲಿ ಹೋಗುತ್ತಿದ್ದರು. ಕೊನೆಗೂ ಹಣ್ಣು ಬಂದ ದಿನ ಒಂದು ಡಬ್ಬಿ ಎದೆಗವಚಿಕೊಂಡು ಓಡಿದರು.

ಇಪ್ಪತ್ತು ದಿನದ ಮೇಲೆ ಡಬ್ಬಿ ತೆರೆಯದೆ ಹಾಗೆಯೇ ತಂದರು.

“ನಾನು ಮನೆ ಮುಟ್ಟುವಷ್ಟರಲ್ಲಿ ಹೋಗಿದ್ದಳು ಮಾರಾಯಾ. ದುಡ್ಡು ಬೇಡ. ಫ್ರಿಜ್‌ನಲ್ಲಿ ನೋಡ್ಲಿಕ್ಕೆ ಆಗುದಿಲ್ಲ, ಬಿಸಾಡ್ಲಿಕ್ಕೂ ಮನಸ್ಸಿಲ್ಲ.”

ಕಂಪ್ಯೂಟರಿನಿಂದ ವಾಪಸಾತಿ ಸ್ಲಿಪ್ ತೆಗೆಯದೆ ಯಾವ ಮಾಲನ್ನೂ ವಾಪಸ್ ಇಟ್ಟುಕೊಳ್ಳುವಂತಿರಲಿಲ್ಲ. ಕಂಪ್ಯೂಟರ್ ಕಾರಣ ಕೇಳಿತು. ಅದರಲ್ಲಿ ಇದ್ದದ್ದು ಮೂರೇ: ಕೊಳೆತಿದೆ, ತೂಕ ಕಡಿಮೆ, ಗ್ರಾಹಕರು ಮನಸ್ಸು ಬದಲಿಸಿದ್ದಾರೆ. ಕೌಂಟರಿನ ಹುಡುಗಿ ಕಣ್ಣೊರೆಸಿಕೊಂಡು ಮೂರನೆಯದನ್ನು ಒತ್ತಿದಳು.

“ಎಂತ ಬರ್ದದ್ದು?” ಎಂದರು ಹಿರಿಯರು, ಸ್ಲಿಪ್ ನೋಡಿ. ಓದಿ ಹೇಳಿದೆ. ಭುಜ ಕುಣಿಯುವಷ್ಟು ನಕ್ಕುಬಿಟ್ಟರು.

“ನಲವತ್ತೆರಡು ವರ್ಷ ಹೇಳಿ ಹೇಳಿ ನನಗೆ ಸಾಕಾಯ್ತು. ಒಂದು ಸಲವೂ ಮನಸ್ಸು ಬದಲಿಸಿದವಳಲ್ಲ ಮಾರಾಯಾ. ಈ ಮಿಷಿನ್ ಬದಲಿಸಿಬಿಟ್ಟಿತು ನೋಡು!”