ಮಾವನವರ ಆಲ್ಬಮ್ಮು, ನನ್ನ ಪ್ರಿಂಟರು

ಮನೆಯಲ್ಲೇ ಒಳ್ಳೆಯ ಪ್ರಿಂಟರ್ ಇರುವಾಗ ನಾಲ್ಕು ಫೋಟೊ ಹಾಕಿಸಲು ಸ್ಟುಡಿಯೋಗೆ ಓಡುವವರು ಶುದ್ಧ ಸೋಮಾರಿಗಳು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಕಳೆದ ಭಾನುವಾರ ಸಂಜೆ ಐದೂವರೆಯವರೆಗೂ ಹಾಗೇ ಇತ್ತು.

ನಮ್ಮ ಮಾವನವರಿಗೆ ಎಪ್ಪತ್ತು ತುಂಬಿ, ಹೋದ ತಿಂಗಳು ಭೀಮರಥ ಶಾಂತಿ ವಿಜೃಂಭಣೆಯಿಂದ ನಡೆಯಿತು. ಅವರು ಮೂರು ತಲೆಮಾರಿನಿಂದ ಮದರಾಸಿನವರು. ಮಾತಿನಲ್ಲಿ ಅರ್ಧ ತಮಿಳು, ಆಚಾರದಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ರಿಯಾಯಿತಿ ಇಲ್ಲ. ನಾನು ಮೈಸೂರಿನಿಂದ ಬಂದ ಎರಡನೆಯ ಅಳಿಯ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರ ಬಾಯಿಂದ ನನಗೊಂದು 'ಭೇಷ್' ಬಿದ್ದಿಲ್ಲ. ದೊಡ್ಡ ಅಳಿಯನಿಗೆ ಎರಡು ಸಲ ಬಿದ್ದಿದೆ! ನನಗೂ ಒಂದು ಬೇಕಿತ್ತು. ಆದ್ದರಿಂದ ಶಾಂತಿಯ ಫೋಟೊಗಳನ್ನು ಸ್ವಹಸ್ತದಿಂದ ಮುದ್ರಿಸಿ, ಕತ್ತರಿಸಿ, ಸುತ್ತ ಜರಿ ಅಂಟಿಸಿ, ಒಂದು ಆಲ್ಬಮ್ ಮಾಡಿ ಅವರಿಗೆ ಒಪ್ಪಿಸುವುದೆಂದು ತೀರ್ಮಾನಿಸಿದೆ.

"ಪುರಸೈವಾಕ್ಕಂ ಸ್ಟುಡಿಯೋಲಿ ಕೊಟ್ರೆ ಅರ್ಧ ಗಂಟೇಲಿ ಪ್ರಿಂಟ್ ಹಾಕ್ಕೊಡ್ತಾರೆ ರೀ. ನಿಮಗ್ಯಾಕೆ ಈ ಬೇಡದ, ವೇಂಡಾದ ಕೆಲಸ?" ಅಂದಳು ಹೆಂಡತಿ ವಸುಧಾ.

"ಅದು ಅಂಗಡಿ ಮಾಲು. ಇದು ಕಲೆ" ಅಂದೆ.

ಅವಳು ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ತವರಿಗೆ ಹೊರಟಳು. ನಾನು ಸಂಜೆ ಆಲ್ಬಮ್ ಸಮೇತ ಬರುವುದೆಂದು ಮಾತಾಯಿತು.

ಪುರಸೈವಾಕ್ಕಂನಿಂದಲೇ ವಿಶೇಷ ಫೋಟೊ ಕಾಗದ ತಂದಿದ್ದೆ. ಮುಟ್ಟಿದರೆ ಬಟ್ಟೆಯ ನೇಯ್ಗೆಯ ಹಾಗೆ ತರಿತರಿ. ಇಪ್ಪತ್ತು ಹಾಳೆ. ಯಾವ ಮೈಯ ಮೇಲೆ ಮುದ್ರಿಸಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತಂತೆ. ಪೊಟ್ಟಣ ಓದುವುದು ಅನುಭವವಿಲ್ಲದವರ ಲಕ್ಷಣ. ಮೊದಲ ಹಾಳೆ ಬೆನ್ನಿನ ಮೇಲೆ ಅಚ್ಚಾಯಿತು. ಚೆನ್ನೈ ಸೆಕೆಗೆ ಇಂಕು ಒಣಗಲಿಲ್ಲ. ಒಣಗಿದೆಯಾ ಎಂದು ಮುಟ್ಟಿ ನೋಡಿದೆ. ಮಾವನವರ ಹಣೆಯ ನಾಮ ನನ್ನ ಹೆಬ್ಬೆರಳಿಗೆ ಬಂತು!

ಮುಂದಿನ ಮೂರು ಹಾಳೆಗಳನ್ನು ಪ್ರಿಂಟರ್ ನುಂಗಿತು. ಐದನೆಯದರಲ್ಲಿ ಅತ್ತೆಯವರ ಅರಿಶಿನ ಬಣ್ಣದ ಸೀರೆ ಬೂದಿ ಬಣ್ಣಕ್ಕೆ ತಿರುಗಿತು. ಆಗ ಹೊಳೆಯಿತು: ಯಾವ ಜಾತಿಯ ಕಾಗದ ಎಂದು ಪ್ರಿಂಟರಿಗೆ ಮೊದಲೇ ಹೇಳಬೇಕು. ಕಂಪ್ಯೂಟರಿನಲ್ಲಿ ಪಟ್ಟಿ ತೆಗೆದೆ. ಒಂದು ಹೆಸರಿನ ಪಕ್ಕದಲ್ಲಿ ಅಂಗಿಯ ಚಿತ್ರವಿತ್ತು. ನಮ್ಮ ಕಾಗದ ಬಟ್ಟೆಯಂತಿದೆ, ಅಂಗಿಯೂ ಬಟ್ಟೆಯದೇ. ತರ್ಕದಲ್ಲಿ ಲೋಪವಿದ್ದರೆ ಹೇಳಿ!

ಅದನ್ನೇ ಒತ್ತಿದೆ. ಆಹಾ, ಏನು ಬಣ್ಣ! ಉಳಿದ ಹದಿನೈದು ಹಾಳೆಗಳೂ ಒಂದೇ ಉಸಿರಿಗೆ ಬಂದವು. ಒಂದರಲ್ಲಿ ಕಲ್ಯಾಣ ಮಂಟಪದ ತಮಿಳು ಬೋರ್ಡು ಸ್ಪಷ್ಟವಾಗಿ ಮೂಡಿತ್ತು. ಒಂದಕ್ಷರವೂ ಓದಲಾಗಲಿಲ್ಲ. ನನಗೆ ತಮಿಳು ಓದಲು ಬರುವುದೇ ಇಲ್ಲವಾದ್ದರಿಂದ ಅನುಮಾನಕ್ಕೆ ಆಸ್ಪದವಿರಲಿಲ್ಲ.

ಐದೂವರೆಗೆ ಮಾವನವರ ಕೈಗೆ ಆಲ್ಬಮ್ ಕೊಟ್ಟು, ಪಕ್ಕದಲ್ಲಿ ವಿನಯದಿಂದ ನಿಂತೆ. ಅವರು ಕನ್ನಡಕ ಏರಿಸಿ ಮೊದಲ ಪುಟ ತೆರೆದರು. ಎರಡನೆಯದು. ಮೂರನೆಯದು. 'ಭೇಷ್' ಬಾಗಿಲಿಗೆ ಬಂದು ನಿಂತಿದೆ ಎಂದೇ ನಂಬಿದ್ದೆ.

"ಏನು ಮಾಪ್ಳೆ, ನೀವು ಮಾಡಿರೋದು ನನ್ನ ಶಾಂತಿಯೋ, ನನ್ನ ಶ್ರಾದ್ಧವೋ?"

ನೋಡಿದೆ. ಎಡ ಹೆಗಲಿನಿಂದ ಇಳಿಯಬೇಕಾದ ಜನಿವಾರ ಬಲ ಹೆಗಲಿನಿಂದ ಇಳಿದಿತ್ತು. ಹಾಗೆ ಹಾಕಿಕೊಳ್ಳುವುದು ಪಿತೃಕಾರ್ಯದಲ್ಲಿ ಮಾತ್ರ. ಹದಿನೈದು ಪುಟದಲ್ಲೂ ಮಾವನವರು, ಪುರೋಹಿತರು, ದೊಡ್ಡ ಅಳಿಯ ಎಲ್ಲರೂ ಸಾಮೂಹಿಕವಾಗಿ ಶ್ರಾದ್ಧ ಮಾಡುತ್ತಿದ್ದರು!

ಅತ್ತೆ ಇಣುಕಿದರು. "ಅಯ್ಯೋ, ಮುತ್ತೈದೇರಿಗೆ ಎಡಗೈಲಿ ಕುಂಕುಮ ಕೊಡ್ತಾ ಇದೀನಲ್ಲೇ! ಸೆರಗೂ ಬಲಗಡೆಗೆ ಹೋಗಿದೆ!"

"ಅಪ್ಪಾ, ಎಲ್ಲಾಮೇ ತಿರುಂಬಿ ಇರುಕ್ಕು, ಎಲ್ಲಾ ಉಲ್ಟಾ. ಬೋರ್ಡ್ ಕೂಡ" ಅಂದಳು ಒಂದನೇ ಕ್ಲಾಸಿನ ನನ್ನ ಮಗಳು. ಅವಳಿಗೆ ತಮಿಳು ಓದಲು ಬರುತ್ತದೆ.

ಪ್ರಿಂಟರನ್ನು ದೂರುವಂತಿಲ್ಲ. ನಾನು ಒತ್ತಿದ್ದು ಅಂಗಿಗೆ ಚಿತ್ರ ಇಳಿಸುವ ಕಾಗದದ ಹೆಸರು. ಅಂಗಿಯ ಮೇಲೆ ಇಸ್ತ್ರಿ ಒತ್ತಿ ಇಳಿಸುವ ಚಿತ್ರವನ್ನು ಎಡಬಲ ತಿರುಗಿಸಿಯೇ ಮುದ್ರಿಸಬೇಕು. ಅದು ತನ್ನ ಕರ್ತವ್ಯ ಮಾಡಿತ್ತು.

"ಇದನ್ನ ಮನೇಲಿ ಇಟ್ಕೋಬಾರ್ದಪ್ಪ" ಅಂದರು ಅತ್ತೆ. ನನಗೆ ನಿಜಕ್ಕೂ ಬೇಜಾರಾಯಿತು. ಇಡೀ ದಿನ ಊಟ ಬಿಟ್ಟು ಇವರ ಮುಖಗಳನ್ನೇ ಕತ್ತರಿಸಿ ಅಂಟಿಸಿದ್ದೆ. ನನ್ನ ಮೋರೆ ನೋಡಿ ವಸುಧಾಗೆ ಪಾಪ ಅನ್ನಿಸಿರಬೇಕು. ಆಲ್ಬಮ್ ಎತ್ತಿಕೊಂಡು ಹೋಗಿ ಬೀರುವಿನ ಕನ್ನಡಿಗೆ ಹಿಡಿದಳು.

"ಇಲ್ಲಿ ನೋಡಿ ಅಪ್ಪಾ."

ಕನ್ನಡಿಯೊಳಗೆ ಜನಿವಾರ ಎಡ ಹೆಗಲಿಗೆ ಬಂದಿತ್ತು. ಅತ್ತೆ ಬಲಗೈಯಲ್ಲೇ ಕುಂಕುಮ ಕೊಟ್ಟರು. ಮನೆಮಂದಿಯೆಲ್ಲ ಬೀರುವಿನ ಮುಂದೆ ಸಾಲುಗಟ್ಟಿ ನಿಂತು ಆಲ್ಬಮ್ ನೋಡಿದರು. ಮಾವನವರು ಪ್ರತಿ ಪುಟವನ್ನೂ ನಿಧಾನವಾಗಿ ತಿರುವಿಸಿದರು. ನನಗೆ ಮತ್ತೆ ಆಸೆ ಚಿಗುರಿತು.

ಅಷ್ಟರಲ್ಲಿ ಎದುರು ಫ್ಲಾಟಿನ ಗುಂಡಾಚಾರ್ ಮಾಮ ಕಾಫಿಗೆ ಬಂದರು. ಆಲ್ಬಮ್ ಕಂಡು, "ಯಾರು ಮಾಡಿದ್ದು ಇದು?" ಅಂದರು.

"ನಮ್ಮ ಚಿಕ್ಕ ಅಳಿಯಂದಿರು."

"ಓಹೋ. ಎಲ್ಲಿ ಕೆಲಸ?"

"ತಿರುವೊಟ್ಟಿಯೂರಲ್ಲಿ ಒಂದು ಫ್ಯಾಕ್ಟರಿ. ಆಚೆ ಹೋಗೋ ಸಾಮಾನೆಲ್ಲ ಸರಿಯಾಗಿದೆಯಾ ಅಂತ ನೋಡಿ ಸೈನ್ ಹಾಕೋದು ಇವರೇ" ಅಂದರು ಮಾವನವರು.

ಮಾಮ ಆಲ್ಬಮ್ಮನ್ನು ಒಮ್ಮೆ ನೇರವಾಗಿ ನೋಡಿದರು. ಒಮ್ಮೆ ಕನ್ನಡಿಯಲ್ಲಿ ನೋಡಿದರು. ಆಮೇಲೆ ನನ್ನನ್ನು ನೋಡಿ ಬಹಳ ಕಾಳಜಿಯಿಂದ ಕೇಳಿದರು:

"ಫ್ಯಾಕ್ಟರಿ ಇನ್ನೂ ನಡೀತಾ ಇದೆಯಾ?"

ಮಾವನವರು ಹೊಟ್ಟೆ ಹಿಡಿದು ನಕ್ಕರು. ತೊಡೆ ತಟ್ಟಿಕೊಂಡು "ಭೇಷ್!" ಅಂದರು.

ನನಗಲ್ಲ, ಮಾಮನಿಗೆ.